ಹನ್ನೊಂದು ವರ್ಷ ನಾಲಿಗೆಗೆ ಹೊಡೆದುಕೊಂಡ ಪಂಪು

ಕಾಯಿಲೆಯಿಂದ ಮನುಷ್ಯನಿಗೆ ಸುಖವೇ ಇಲ್ಲ ಎನ್ನುವವರು ಕಾಯಿಲೆಯನ್ನು ಸರಿಯಾಗಿ ಬಳಸಿಕೊಳ್ಳಲು ಬಾರದವರು ಎಂಬುದು ಬಹಳ ವರ್ಷ ನನ್ನ ಖಚಿತ ಅಭಿಪ್ರಾಯವಾಗಿತ್ತು. ಎಲ್ಲ ಕಾಯಿಲೆಗೂ ಈ ಮಾತು ಹೊಂದುವುದಿಲ್ಲ. ಮೂಲವ್ಯಾಧಿಯವನ ಪಾಡು ಅವನಿಗೇ ಗೊತ್ತು. ಯಾರ ಮುಂದೆಯೂ ಹೇಳಿಕೊಳ್ಳಲಾರ, ಹೇಳಿಕೊಂಡರೆ ಕೇಳಿದವರು ನಗುತ್ತಾರೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲೂ ಇರುವುದರಿಂದ ಅದಕ್ಕೀಗ ಬೆಲೆಯಿಲ್ಲ. ಆದರೆ ಉಬ್ಬಸ ಹಾಗಲ್ಲ. ಅದಕ್ಕೊಂದು ಸದ್ದಿದೆ. ನಾಲ್ಕು ಜನ ಕೂತ ಕಡೆ ಎರಡು ಸಲ ಸಿಳ್ಳೆಯಂಥ ಉಸಿರು ಬಿಟ್ಟರೆ ಸಾಕು, ಯಾರೋ ಎದ್ದು ಕಿಟಕಿ ತೆಗೆಯುತ್ತಾರೆ, ಇನ್ಯಾರೋ ಕುರ್ಚಿ ಸರಿಸಿಕೊಡುತ್ತಾರೆ, ಮತ್ತೊಬ್ಬರು ಬಿಸಿನೀರು ತರಿಸುತ್ತಾರೆ. ಐವತ್ತಾರು ವರ್ಷದ ಹೈಸ್ಕೂಲು ಮೇಷ್ಟರಿಗೆ ಈ ಕಾಲದಲ್ಲಿ ಇಷ್ಟು ಮರ್ಯಾದೆ ಬೇರೆ ಯಾವುದರಿಂದ ಸಿಗುತ್ತದೆ ಹೇಳಿ.

ನಮ್ಮ ಮನೆ ಇರುವುದು ಚನ್ನಪಟ್ಟಣದಲ್ಲಿ. ನಾನು ಸಮಾಜ ವಿಜ್ಞಾನ ಪಾಠ ಹೇಳುವುದು ರಾಮನಗರದಲ್ಲಿ. ಬೆಳಿಗ್ಗೆ ಹೋಗುವಾಗ ರೈಲು, ಸಂಜೆ ಬರುವಾಗ ಸಿಕ್ಕಿದ ಬಸ್ಸು. ಉಬ್ಬಸ ಶುರುವಾದದ್ದು ಹನ್ನೊಂದು ವರ್ಷದ ಹಿಂದೆ, ಒಂದು ನೆಗಡಿಯ ಬಾಲದಂತೆ. ನೆಗಡಿ ಹೋಯಿತು, ಬಾಲ ಉಳಿಯಿತು. ಮೊದಮೊದಲು ಹೆದರಿಕೊಂಡಿದ್ದೆ, ಆಮೇಲೆ ಅದರ ಉಪಯೋಗಗಳು ಒಂದೊಂದಾಗಿ ಕಣ್ಣಿಗೆ ಬಿದ್ದವು. ಕ್ರೀಡಾಕೂಟದ ದಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆಸುವ ಕೆಲಸದಿಂದ ಹೆಡ್‌ಮಾಸ್ಟರು ನನ್ನನ್ನು ಬಿಡಿಸಿದರು. ಮನೆಯಲ್ಲಿ ಅಟ್ಟದ ಮೇಲಿನ ಸಾಮಾನು ಇಳಿಸುವುದು, ಜೇಡರ ಬಲೆ ತೆಗೆಯುವುದು, ಗ್ಯಾಸ್ ಸಿಲಿಂಡರು ಉರುಳಿಸುವುದು ಎಲ್ಲ ತಪ್ಪಿತು. ಹೋಗಲು ಇಷ್ಟವಿಲ್ಲದ ಗೃಹಪ್ರವೇಶಗಳಿಗೆ ‘ಹೋಮದ ಹೊಗೆ ಆಗುವುದಿಲ್ಲ’ ಎಂದರೆ ಮುಗಿಯಿತು. ಊಟಕ್ಕೆ ಮಾತ್ರ ಹೋಮ ಮುಗಿದ ಮೇಲೆ ಹೋಗುತ್ತಿದ್ದೆ.

ನನಗೆ ತಪ್ಪಿದ ಕೆಲಸಗಳೆಲ್ಲ ಯಾರ ಪಾಲಿಗೆ ಹೋದವು ಎಂದು ನೀವು ಕೇಳಬಹುದು. ನಾನು ಕೇಳಿಕೊಂಡಿರಲಿಲ್ಲ. ನನ್ನ ಹೆಂಡತಿಯ ಹೆಸರು ನಾಗರತ್ನ, ಮಾಗಡಿ ಕಡೆಯ ತಿಪ್ಪಸಂದ್ರದವಳು. ಮಾತು ಕಡಿಮೆ, ಕೈ ಚುರುಕು. ನನ್ನ ಉಬ್ಬಸ ಶುರುವಾದ ಮೇಲೆ ಅವಳು ಯಾರೂ ಹೇಳದೆಯೇ ಮನೆಯ ಕಾನೂನು ಬದಲಾಯಿಸಿದಳು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮುಂಚೆ ಅಡುಗೆಮನೆಯಿಂದ “ರೀ, ಒಗ್ಗರಣೆ” ಎಂದು ಕೂಗುತ್ತಿದ್ದಳು. ನಾನು ಪೇಪರು ಹಿಡಿದುಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಬೀದಿಯವರು ನಾನು ಗೇಟಿಗೆ ಬಂದದ್ದನ್ನು ನೋಡಿ ನಮ್ಮ ಮನೆಯಲ್ಲಿ ಸಾರು ಆಯಿತೆಂದು ತಿಳಿದುಕೊಳ್ಳುತ್ತಿದ್ದರು. ರಾಗಿ ಹಿಟ್ಟನ್ನು ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತು ಜರಡಿ ಹಿಡಿಯುತ್ತಿದ್ದಳು, ಮಳೆ ಬಂದರೆ ತಲೆ ಮೇಲೆ ಗೋಣಿಚೀಲ. ಊದುಬತ್ತಿ ನಿಂತುಹೋಗಿ ದೇವರು ಬರೀ ದೀಪದಲ್ಲಿ ಸುಧಾರಿಸಿಕೊಂಡ. ಅವಳ ತವರಿನಲ್ಲಿ ರೇಷ್ಮೆಹುಳ ಸಾಕುತ್ತಾರೆ. ಹುಳದ ಮನೆಯ ವಾಸನೆ ನನಗೆ ಆಗುವುದಿಲ್ಲ ಎಂದು ನಾವು ಬೆಳಿಗ್ಗೆ ಹೋದರೆ ಸಂಜೆಯ ಬಸ್ಸಿಗೆ ವಾಪಸ್ಸು. ‘ನಾವು’ ಎಂದೆ. ವಾಸನೆ ಆಗದಿದ್ದದ್ದು ನನಗೆ. ಬಸ್ಸು ಹತ್ತುತ್ತಿದ್ದವರು ಇಬ್ಬರು.

ಇನ್ನು ಔಷಧಿಯ ವಿಷಯ. ಮೊದಲ ಸಲ ತೋರಿಸಿದಾಗ ಡಾಕ್ಟರು ಎರಡು ಪಂಪು ಬರೆದುಕೊಟ್ಟಿದ್ದರು. ಇನ್ಹೇಲರ್ ಅನ್ನು ನಮ್ಮ ಕಡೆ ಎಲ್ಲರೂ ಪಂಪು ಎಂದೇ ಅನ್ನುವುದು. ಒಂದು, ಉಸಿರು ಕಟ್ಟಿದಾಗ ಮಾತ್ರ ತೆಗೆದುಕೊಳ್ಳುವ ನೀಲಿ ಪಂಪು. ಇನ್ನೊಂದು, ಉಬ್ಬಸ ಇರಲಿ ಬಿಡಲಿ, ದಿನಾ ಎರಡು ಹೊತ್ತು ತಪ್ಪದೆ ತೆಗೆದುಕೊಳ್ಳಬೇಕಾದ್ದು. ಡಾಕ್ಟರು ಪಾಪ ಎರಡನ್ನೂ ಹಿಡಿದು ಹೇಗೆ ಅಂತ ತೋರಿಸಿದರು. ನಾನು ತಲೆ ಆಡಿಸಿದೆ. ತರಗತಿಯಲ್ಲಿ ಹೀಗೆ ತಲೆ ಆಡಿಸುವ ಹುಡುಗರನ್ನು ಎಬ್ಬಿಸಿ ‘ಏನು ಹೇಳಿದೆ, ಹೇಳು ನೋಡೋಣ’ ಎಂದು ಕೇಳಿ ನೀರಿಳಿಸುವುದರಲ್ಲಿ ನನಗೆ ಹೆಸರಿದೆ. ಡಾಕ್ಟರು ಹಾಗೆ ಕೇಳಲಿಲ್ಲ, ಹಿಂದೆ ಅಷ್ಟು ಜನ ಕಾಯುತ್ತಿದ್ದರು. ಮನೆಗೆ ಬಂದು ನಾನೇ ಒಂದು ತೀರ್ಮಾನ ಮಾಡಿದೆ. ಕಾಯಿಲೆ ಇಲ್ಲದ ದಿನವೂ ಔಷಧಿ ತೆಗೆದುಕೊಂಡರೆ ಶ್ವಾಸಕೋಶಕ್ಕೆ ಅಭ್ಯಾಸವಾಗಿಬಿಡುತ್ತದೆ, ಆಮೇಲೆ ಬಿಡುವುದಕ್ಕೆ ಆಗುವುದಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನನ್ನ ಸ್ವಂತ ಸಂಶೋಧನೆ. ಹಾಗಾಗಿ ದಿನದ ಪಂಪು ಬೀರುವಿಗೆ ಹೋಯಿತು, ರೇಷ್ಮೆ ಸೀರೆಗಳ ಪಕ್ಕಕ್ಕೆ. ನಾಗರತ್ನ ಎರಡು ಮೂರು ಸಲ ಕೇಳಿದಳು, ದಿನಾ ತಗೋಬೇಕು ಅಂದಿದ್ರಲ್ಲ ಅಂತ. ನಿನಗೆ ಗೊತ್ತಾಗುವುದಿಲ್ಲ, ಅದರಲ್ಲಿ ಏನೇನೋ ಇರುತ್ತದೆ ಎಂದು ಬಾಯಿ ಮುಚ್ಚಿಸಿದೆ. ಅದರಲ್ಲಿ ಏನಿರುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಇಷ್ಟು ಹೊತ್ತು ಪಂಪು, ಒಗ್ಗರಣೆ ಅಂತ ಸುತ್ತು ಹೊಡೆದದ್ದು ಇದನ್ನು ಹೇಳುವುದಕ್ಕೆ ಸಂಕೋಚವಾಗಿ.

ಒಂಬತ್ತು ವರ್ಷದ ಹಿಂದೆ, ಮಗಳು ಹೈಸ್ಕೂಲು ಸೇರಿದ ಮೇಲೆ, ನಾಗರತ್ನನಿಗೆ ಮಧ್ಯಾಹ್ನ ಒಂದಿಷ್ಟು ಬಿಡುವು ಸಿಗುತ್ತಿತ್ತು. ನಮ್ಮೂರಲ್ಲಿ ಹೆಂಗಸರಿಗೆ ಬೊಂಬೆ ಕೆಲಸ ಕಲಿಸುತ್ತಾರೆ ಎಂದು ಕೇಳಿ ಅವಳೂ ಹೋಗಿ ಹೆಸರು ಬರೆಸಿದಳು. ಕಲಿಕೆ ಮೂರು ತಿಂಗಳಿಗೆ ಮುಗಿಯಿತು. ಅಲ್ಲಿ ಹೇಳಿಕೊಡುತ್ತಿದ್ದ ಖಲೀಲ್ ಸಾಹೇಬರು ಅವಳ ಕೈ ನೋಡಿ, ಅವಳನ್ನೂ ಅವಳ ಜೊತೆ ಕಲಿತ ಶಾಹೀನಾ ಎಂಬ ಹುಡುಗಿಯನ್ನೂ ತಮ್ಮ ಕಾರ್ಖಾನೆಗೇ ಬರಹೇಳಿದರು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಮನೆಯ ಮಗ್ಗುಲಿಗೆ ಶೀಟು ಹೊದಿಸಿದ ಉದ್ದನೆಯ ಕೋಣೆ, ಅದರಲ್ಲಿ ಆರು ಲೇತು. ತಿರುಗುವ ಮರದ ತುಂಡಿಗೆ ಉಳಿ ಕೊಟ್ಟು ಆಕಾರ ತೆಗೆಯುವುದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುವುದು, ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಮೇಲೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡುವುದು. ಇದನ್ನೆಲ್ಲ ಅವಳು ಊಟಕ್ಕೆ ಕೂತಾಗ ಹೇಳುತ್ತಿದ್ದಳು. ಮಾತು ಕಡಿಮೆ ಎಂದೆನಲ್ಲ, ಆ ಒಂದು ವರ್ಷ ಮಾತ್ರ ಹಾಗಿರಲಿಲ್ಲ. ಹಳದಿಯ ಪಕ್ಕಕ್ಕೆ ಕೆಂಪು ಕೊಡುವಾಗ ಎರಡೂ ಬೆರೆಯದ ಹಾಗೆ ಕೈ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಟ್ಟೆಯ ಅಂಚಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ನಾನು ಉಪ್ಪಿನಕಾಯಿ ಕೇಳುತ್ತಿದ್ದೆ.

ಅವಳು ಪೂರ್ತಿ ತಾನೇ ಮಾಡಿದ ಮೊದಲ ಸಾಮಾನು ಒಂದು ಉಪ್ಪಿನ ಡಬ್ಬಿ. ಮುಚ್ಚಳ ಎಷ್ಟು ಸರಿಯಾಗಿ ಕೂರುತ್ತಿತ್ತೆಂದರೆ, ಒತ್ತಿದಾಗ ಒಳಗಿನ ಗಾಳಿ ‘ಉಸ್’ ಎಂದು ಹೊರಗೆ ಬರುತ್ತಿತ್ತು. ಅದು ನನ್ನನ್ನು ಅಣಕಿಸುತ್ತಿದೆಯೆಂದು ನನಗೆ ಅನುಮಾನ.

ನಾನು ಅವಳಿಗೆ ಯಾವತ್ತೂ ಹೋಗಬೇಡ ಎನ್ನಲಿಲ್ಲ. ಇದನ್ನು ಬಹಳ ದಿನ ದೊಡ್ಡತನವೆಂದೇ ಅಂದುಕೊಂಡಿದ್ದೆ. ಬಾಯಲ್ಲಿ ಹೇಳಲಿಲ್ಲ ಅಷ್ಟೆ, ಎದೆಯಲ್ಲಿ ಹೇಳಿದೆ. ಸಂಜೆ ನಾನು ಬರುವ ಹೊತ್ತಿಗೆ ಅವಳೂ ಬಂದಿರುತ್ತಿದ್ದಳು, ತಲೆಗೂದಲಲ್ಲಿ ಮರದ ಹೊಟ್ಟು, ಉಗುರ ಸಂದಿಯಲ್ಲಿ ಬಣ್ಣ. ನಾನು ಹೊಸಿಲ ಮೇಲೆ ನಿಂತು ಎರಡು ಸಲ ಕೆಮ್ಮುತ್ತಿದ್ದೆ. ಕುರ್ಚಿಯನ್ನು ಕರ್ಚೀಫಿನಲ್ಲಿ ಒರೆಸಿ ಕೂರುತ್ತಿದ್ದೆ. ಕಿಟಕಿಗಳನ್ನು ಒಂದೊಂದಾಗಿ, ಸದ್ದಾಗುವಂತೆ ತೆಗೆಯುತ್ತಿದ್ದೆ. ಅವಳು ಹಿತ್ತಲ ಬಚ್ಚಲಿನಲ್ಲೇ ಸೀರೆ ಬದಲಾಯಿಸಿ ಒಳಗೆ ಬರಲು ಶುರುಮಾಡಿದಳು. ಆಮೇಲೆ ದಿನಾ ಸಂಜೆ ತಲೆಗೆ ನೀರು ಹಾಕಿಕೊಳ್ಳತೊಡಗಿದಳು. ನನ್ನ ಗೊರಗೊರ ನಿಲ್ಲಲಿಲ್ಲ. ಸುಳ್ಳು ಉಬ್ಬಸವೇನಲ್ಲ, ನಿಜವಾಗಿಯೂ ಬರುತ್ತಿತ್ತು. ಮರದ ಧೂಳಿನಿಂದಲೂ ಒಂದಿಷ್ಟು ಬಂದಿರಬಹುದು. ಆದರೆ ಬಂದದ್ದನ್ನು ನಾನು ಅವಳಿಗೆ ಕೇಳಿಸುವಂತೆ ಬಿಡುತ್ತಿದ್ದೆ. ಅದು ಬೇರೆ ವಿಷಯ.

ವರ್ಷ ತುಂಬಿದ ಮೇಲೆ ಒಂದು ಗುರುವಾರ ಅವಳು ಕಾರ್ಖಾನೆಗೆ ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಯಾಕೆ ಅಂತ ಕೇಳಿದೆ. ಸಾಕಾಯ್ತು ಎಂದಳು. ನಾನು ನಂಬಿದೆ. ನಂಬುವುದು ಎಷ್ಟು ಅನುಕೂಲವಾಗಿತ್ತೆಂದರೆ, ಮುಂದಿನ ವಾರ ಮಳೆ ನಿಂತು ಉಬ್ಬಸ ಒಸಿ ಕಡಿಮೆಯಾದಾಗ, ನೋಡು ಎಲ್ಲ ಆ ಧೂಳಿನದೇ ಕೆಲಸ ಎಂದು ಅವಳಿಗೇ ಹೇಳಿದೆ. ಹೂಂ ಎಂದಳು. ಊಟಕ್ಕೆ ಕೂತಾಗ ಮತ್ತೆ ಮೊದಲಿನಂತೆ ಮಾತು ಕಡಿಮೆಯಾಯಿತು. ನನಗೆ ಅದೂ ಆರಾಮ ಅನ್ನಿಸಿತು.

ವರ್ಷಗಳು ಹೀಗೆಯೇ ಹೋದವು. ಮಗಳ ಓದು ಮುಗಿದು ಕನಕಪುರಕ್ಕೆ ಮದುವೆಯಾಗಿ ಹೋದಳು. ನನ್ನ ಉಬ್ಬಸ ಎಲ್ಲಿಗೂ ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ಒಂದು ದಿನ ಒಂಬತ್ತನೇ ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಒಂದು ವಾಕ್ಯ ಅರ್ಧಕ್ಕೆ ನಿಂತಿತು. ಉಸಿರು ಒಳಗೆ ಹೋಗಿತ್ತು, ಹೊರಗೆ ಬರುತ್ತಿರಲಿಲ್ಲ. ನೀಲಿ ಪಂಪನ್ನು ಐದಾರು ಸಲ ಒತ್ತಿಕೊಂಡೆ, ಏನೂ ಆಗಲಿಲ್ಲ. ಬೋರ್ಡಿನ ಅಂಚು ಹಿಡಿದು ನಿಂತ ನನ್ನನ್ನು ಮಕ್ಕಳು ನೋಡುತ್ತಿದ್ದ ರೀತಿ ಇನ್ನೂ ಕಣ್ಣಮುಂದಿದೆ. ಆವತ್ತು ಯಾರೂ ತಲೆ ಆಡಿಸಲಿಲ್ಲ. ಪಕ್ಕದ ತರಗತಿಯ ಮೇಷ್ಟರು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂಗಿಗೆ ಮುಖವಾಡದಂಥದ್ದು ಕಟ್ಟಿ ಔಷಧಿಯ ಹಬೆ ಕೊಟ್ಟು, ಇಂಜೆಕ್ಷನ್ ಹಾಕಿ, ಎರಡು ದಿನ ಇಟ್ಟುಕೊಂಡರು. ಕಾಯಿಲೆಯಿಂದ ಸಿಗುವ ಸುಖದ ಬಗ್ಗೆ ನನಗಿದ್ದ ಅಭಿಪ್ರಾಯ ಆ ಎರಡು ದಿನದಲ್ಲಿ ಬಹಳಮಟ್ಟಿಗೆ ಕರಗಿತು. ವಾರ ಬಿಟ್ಟು ಮತ್ತೆ ಬಂದು ತೋರಿಸಿ ಎಂದು ಕಳಿಸಿದರು.

ಆ ವಾರ ಬಿಟ್ಟು ಹೋದ ದಿನವೇ ಖಲೀಲ್ ಸಾಹೇಬರು ಸಿಕ್ಕಿದ್ದು. ಸಿಕ್ಕಿದ್ದು ಅವರೇ ಎಂದು ನನಗೆ ಗೊತ್ತಿರಲಿಲ್ಲ. ಹೆಂಡತಿ ಒಂದು ವರ್ಷ ಕೆಲಸ ಮಾಡಿದ ಕಾರ್ಖಾನೆಗೆ ನಾನು ಒಂದು ದಿನವೂ ಹೋಗಿ ನೋಡಿದವನಲ್ಲ. ಎದೆಯ ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ಅರವತ್ತೈದರ ಆಸುಪಾಸಿನ, ಬಿಳಿ ಗಡ್ಡದ ಒಬ್ಬರು ಕೂತಿದ್ದರು. ನನಗೆ ಸ್ವಲ್ಪ ಎದೆ ಬಿಗಿದಂತಾಗಿ, ಜೇಬಿನಿಂದ ನೀಲಿ ಪಂಪು ತೆಗೆದು, ಬಾಯಿ ಅಗಲ ತೆರೆದು, ವಾಡಿಕೆಯಂತೆ ಎರಡು ಸಲ ಹೊಡೆದುಕೊಂಡು ಬಾಯಿ ಮುಚ್ಚಿದೆ. ಅವರು ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು.

“ಬೇಜಾರು ಮಾಡ್ಕೋಬ್ಯಾಡಿ. ಈಗ ಹೊಡ್ಕೊಂಡ್ರಲ್ಲ, ಅದು ಎಲ್ಲಿಗೆ ಹೋಯ್ತು?”

ಒಳಕ್ಕೆ ಎಂದೆ. ಅವರು ನನ್ನನ್ನು ಬಿಸಿಲು ಬೀಳುತ್ತಿದ್ದ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಇನ್ನೊಂದು ಸಲ ಹೊಡೆದುಕೊಳ್ಳಿ ಎಂದರು. ಹೊಡೆದುಕೊಂಡೆ. ಬಿಸಿಲಿನಲ್ಲಿ ನೋಡಿದರೆ ಬಾಯಿಂದ ಬೀಡಿ ಹೊಗೆಯಂತೆ ಔಷಧಿ ವಾಪಸ್ಸು ಬರುತ್ತಿತ್ತು. ಮಿಕ್ಕದ್ದು ನಾಲಿಗೆಯ ಮೇಲೆ ಕಹಿಯಾಗಿ ಕೂತಿತ್ತು. ಆ ಕಹಿಯೇ ಔಷಧಿಯ ಗುಣ ಎಂದು ನಾನು ಹನ್ನೊಂದು ವರ್ಷ ಚಪ್ಪರಿಸಿದ್ದೆ. ಅವರು ತಮ್ಮ ಪಂಪು ತೆಗೆದು, ಚೆನ್ನಾಗಿ ಅಲ್ಲಾಡಿಸಿ, ಉಸಿರನ್ನೆಲ್ಲ ಹೊರಗೆ ಬಿಟ್ಟು, ತುಟಿ ಬಿಗಿಮಾಡಿ, ನಿಧಾನವಾಗಿ ಉಸಿರೆಳೆಯುತ್ತಾ ಎಳೆಯುತ್ತಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿದು ತೋರಿಸಿದರು. ಒಂದು ಚೂರು ಹೊಗೆ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಅಲ್ಲಿಗೆ ಬಂದ ಸಿಸ್ಟರು ನನ್ನ ಕೈಯಲ್ಲಿ ನಾಲ್ಕು ಸಲ ಮಾಡಿಸಿ, ನಾಲ್ಕನೆಯದಕ್ಕೆ ಪಾಸು ಮಾಡಿದರು. ದಿನದ ಪಂಪು ಎಲ್ಲಿ ಎಂದರು. ಬೀರುವಿನಲ್ಲಿದೆ ಎಂದೆ. ಬೀರುವಿಗೆ ಉಬ್ಬಸ ಇದೆಯಾ ಸರ್ ಎಂದು ಕೇಳಿದರು. ಬೆಂಚಿನವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆಮೇಲೆ ಅವರು ಕೂತು ಬಿಡಿಸಿ ಹೇಳಿದರು: ನೀಲಿಯದು ಆ ಹೊತ್ತಿಗೆ ಉಸಿರು ಬಿಡಿಸುತ್ತದೆ ಅಷ್ಟೆ, ಒಳಗಿನ ಊತ ಇಳಿಸುವುದು ದಿನದ್ದು, ಅದನ್ನು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು, ಚೆನ್ನಾಗಿದ್ದೇನೆ ಅನ್ನಿಸಿದರೂ ನೀವಾಗಿ ನಿಲ್ಲಿಸಬಾರದು.

ವಾಪಸ್ಸು ಬಂದು ಕೂತ ಮೇಲೆ ಪಕ್ಕದವರನ್ನು ನೀವೇನು ಮಾಡುತ್ತೀರಿ ಎಂದು ಕೇಳಿದೆ. ಐವತ್ತು ವರ್ಷದಿಂದ ಬೊಂಬೆ ಕೆಲಸ ಎಂದರು. ದಿನವಿಡೀ ಮರದ ಧೂಳಿನಲ್ಲಿ ಕೂರುವ ಮನುಷ್ಯ. ಅವರಿಗೂ ದಮ್ಮು ಇದೆ, ಹದಿನಾಲ್ಕು ವರ್ಷದಿಂದ. ಮೂಗಿಗೆ ಬಟ್ಟೆ ಕಟ್ಟುತ್ತಾರೆ, ಕೋಣೆಗೆ ಎರಡು ಕಿಟಕಿ ಹೆಚ್ಚಿಗೆ ಹೊಡೆಸಿದ್ದಾರೆ, ದಿನದ ಪಂಪನ್ನು ಬೆಳಗಿನ ನಮಾಜಿಗೆ ಮುಂಚೆ ಒಂದು ಸಲ, ಮಲಗುವಾಗ ಒಂದು ಸಲ ತಪ್ಪಿಸಿದವರಲ್ಲ. ಹದಿನಾಲ್ಕು ವರ್ಷದಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿಲ್ಲ, ತೋರಿಸಿಕೊಂಡು ಹೋಗಲು ಬರುತ್ತಾರೆ ಅಷ್ಟೆ. ನಿಮ್ಮ ಮನೆ ಎಲ್ಲಿ ಎಂದು ಕೇಳಿದರು. ಬೀದಿ ಹೇಳಿದೆ.

ಆ ಬೀದಿಯಲ್ಲಿ ನಾಗರತ್ನಮ್ಮ ಅಂತ ಒಬ್ಬರಿದ್ದರು, ನಮ್ಮಲ್ಲಿ ಕೆಲಸ ಮಾಡ್ತಿದ್ರು ಎಂದರು. ನನ್ನ ಹೆಂಡತಿಯೇ ಎಂದೆ. ಅವರ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡರು.

“ಅಂಥಾ ಕೈ ನಾನು ಆಮೇಲೆ ನೋಡ್ಲಿಲ್ಲ ಮೇಷ್ಟ್ರೇ. ಆದ್ರೆ ಏನ್ ಮಾಡೋದು, ಧೂಳು ಅವರಿಗೆ ಆಗ್ಲಿಲ್ಲ. ದಮ್ಮು ಬಂತು, ಉಸಿರೇ ಹಿಡ್ಕತದೆ, ಇನ್ ಬರಾಕಾಗಲ್ಲ ಅಂತ ಹೇಳ್ಬುಟ್ಟು ಹೋದ್ರು. ಈಗ ಹೆಂಗೈತೆ ಅವರಿಗೆ?”

ನಾಗರತ್ನನಿಗೆ ಜೀವಮಾನದಲ್ಲಿ ಒಂದು ದಿನ ಉಬ್ಬಸ ಬಂದದ್ದಿಲ್ಲ. ಗ್ಯಾಸ್ ಸಿಲಿಂಡರನ್ನು ಗೇಟಿನಿಂದ ಅಡುಗೆಮನೆಗೆ ಒಬ್ಬಳೇ ಉರುಳಿಸಿಕೊಂಡು ಹೋಗುವ ಹೆಂಗಸು. ನಿಜ ಹೇಳುವುದಕ್ಕೆ ಅಲ್ಲಿ ಬೇಕಾದಷ್ಟು ಸಮಯವಿತ್ತು, ನನ್ನ ಸರದಿಗೆ ಇನ್ನೂ ಏಳು ಜನ ಬಾಕಿಯಿದ್ದರು. ನಾನು ಏನು ಹೇಳಿದೆ ಗೊತ್ತೇ? “ಪರವಾಗಿಲ್ಲ, ಈಗ ವಾಸಿ” ಎಂದೆ.

ಸಂಜೆ ಮನೆಗೆ ಬಂದಾಗ ಅವಳು ಹಿತ್ತಲ ಮೆಟ್ಟಿಲ ಮೇಲೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಡಾಕ್ಟರು ಏನಂದರು ಅಂತ ಕೇಳಿದಳು. ಅದನ್ನು ಆಮೇಲೆ ಹೇಳುತ್ತೇನೆ ಎಂದು ಪಕ್ಕದಲ್ಲಿ ಕೂತೆ. ಹಿಟ್ಟು ಹಾರ್ತದೆ, ಎದ್ದೋಗಿ ಎಂದಳು. ಎದ್ದು ಹೋಗಲಿಲ್ಲ. ಖಲೀಲ್ ಸಾಹೇಬರು ಸಿಕ್ಕಿದ್ದರು ಎಂದೆ. ಜರಡಿ ನಿಂತಿತು. ನಿನಗೆ ದಮ್ಮು ಅಂತ ಯಾಕೆ ಹೇಳಿದೆ ಎಂದು ಕೇಳಿದೆ. ಅವಳು ಕೈಗಂಟಿದ ಹಿಟ್ಟನ್ನು ಉದುರಿಸಿಕೊಳ್ಳುತ್ತಾ ಹೇಳಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಮ್ಮನೆಯವರಿಗೆ ಆಗಲ್ಲ ಅಂದಿದ್ರೆ ಅವರು ನಿಮ್ಮ ಹತ್ರ ಮಾತಾಡಾಕೆ ಬರ್ತಿದ್ರು. ನೀವು ಎದುರಿಗೆ ಬೇಡ ಅನ್ನಲ್ಲ, ಹೋಗ್ಲಿ ಬುಡಿ ಅಂತ ಒಪ್ಪಿಬುಡ್ತಿದ್ರಿ. ಆಮೇಲೆ ದಿನಾ ಸಂಜೆ ಗೊರಗೊರ ಅಂತಿದ್ರಿ. ಅದನ್ನ ಕೇಳ್ಕೊಂಡು ಉಳಿ ಹಿಡಿದ್ರೆ ಕೈ ಎಲ್ಲಿ ನಿಲ್ಲಿಸ್ಬೇಕೋ ಗೊತ್ತಾಗಲ್ಲ ಕಣ್ರೀ. ನಂಗೇ ಕಾಯಿಲೆ ಅಂದ್ರೆ ಯಾರೂ ಮುಂದಕ್ಕೆ ಕೇಳಲ್ಲ.”

ಇಷ್ಟು ಹೇಳಿ ಮತ್ತೆ ಜರಡಿ ಹಿಡಿದಳು. ನಾನು ಹನ್ನೊಂದು ವರ್ಷ ಕಷ್ಟಪಟ್ಟು ಕಾಪಾಡಿಕೊಂಡಿದ್ದ ಕಾಯಿಲೆಯನ್ನು ಅವಳು ಒಂದೇ ಮಾತಿಗೆ ತನ್ನದೆಂದು ಹೇಳಿ ಮುಗಿಸಿದ್ದಳು. ಅದರಿಂದ ಅವಳಿಗೆ ಯಾರೂ ಕುರ್ಚಿ ಸರಿಸಿಕೊಟ್ಟಿರಲಿಲ್ಲ.

ಆವತ್ತಿನಿಂದ ದಿನದ ಪಂಪು ಬೀರುವಿನಿಂದ ಹೊರಬಂತು. ಬಂತು ಎಂದರೆ ಹೊಸದೊಂದು ತಂದೆ, ಒಳಗಿದ್ದದ್ದರ ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು. ಅದನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿಟ್ಟೆ, ಮರೆಯಬಾರದೆಂದು. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಮೂರನೇ ವಾರ ರೈಲ್ವೆ ಮೇಲುಸೇತುವೆಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಿದೆ. ಹತ್ತಿದ ಮೇಲೆ ಗೊತ್ತಾಯಿತು ನಿಲ್ಲಲಿಲ್ಲವೆಂದು. ಎರಡು ತಿಂಗಳಿಗೆ ರಾಮದೇವರ ಬೆಟ್ಟಕ್ಕೆ ಶಾಲೆಯ ಮಕ್ಕಳ ಜೊತೆ ಹೋಗಿ, ಅರ್ಧ ದಾರಿಯಲ್ಲಿ ಎರಡು ಸಲ ಕೂತರೂ ಮೇಲೆ ಮುಟ್ಟಿದೆ. ಒಗ್ಗರಣೆಗೆ ಗೇಟಿಗೆ ಹೋಗುವುದು ನಿಂತಿತು. ಬೀದಿಯವರು ನನ್ನನ್ನು ಗೇಟಿನಲ್ಲಿ ಕಾಣದೆ ಮೇಷ್ಟರ ಮನೆಯಲ್ಲಿ ಈಗ ಅಡುಗೆ ಮಾಡುತ್ತಿಲ್ಲವೇ ಎಂದು ವಿಚಾರಿಸಿದರು. ತಿಪ್ಪಸಂದ್ರಕ್ಕೆ ಹೋಗಿ ಎರಡು ದಿನ ಉಳಿದುಬಂದೆವು. ಹುಳದ ಮನೆಯೊಳಕ್ಕೆ ನಾನು ಹೋಗಲಿಲ್ಲ, ಹೊರಗಿನ ಜಗುಲಿಯಲ್ಲಿ ಮಲಗಿದ್ದೆ, ಏನೂ ಆಗಲಿಲ್ಲ. ಇಷ್ಟು ವರ್ಷವೂ ಏನೂ ಆಗುತ್ತಿರಲಿಲ್ಲ ಎಂಬ ಯೋಚನೆ ಬಂದು ಆ ಜಗುಲಿಯ ಮೇಲೆ ಬೇರೆ ಕಾರಣಕ್ಕೆ ನಿದ್ದೆ ಹತ್ತಲಿಲ್ಲ.

ಆಮೇಲೆ ನಾನು ಖಲೀಲ್ ಸಾಹೇಬರ ಕಾರ್ಖಾನೆಗೆ ಹೋದೆ. ಮೊದಲ ಸಲ. ಆಸ್ಪತ್ರೆಯಲ್ಲಿ ಹೇಳದಿದ್ದ ನಿಜವನ್ನು ಲೇತುಗಳ ಸದ್ದಿನ ನಡುವೆ ಸ್ವಲ್ಪ ಕೂಗಿಯೇ ಹೇಳಬೇಕಾಯಿತು, ಕೆಲಸದವರೆಲ್ಲರಿಗೂ ಕೇಳಿಸಿತು. ದಮ್ಮು ಅವಳಿಗಲ್ಲ ನನಗೆ ಎಂದೆ, ಔಷಧಿ ಸರಿಯಾಗಿ ತೆಗೆದುಕೊಳ್ಳದೆ ಇದ್ದವನೂ ನಾನೇ ಎಂದೆ. ಅವರು ಕೈಯಲ್ಲಿದ್ದ ಅರಗಿನ ಕಡ್ಡಿಯನ್ನು ಕೆಳಗಿಟ್ಟರು. ಏನಾದರೂ ಬೈಯುತ್ತಾರೆಂದು ಕಾದೆ. ಶನಿವಾರ ಮಧ್ಯಾಹ್ನ ಕಳಿಸಿ, ಒಂದು ಲೇತು ಖಾಲಿ ಇಟ್ಟಿರ್ತೀನಿ ಎಂದರು, ಅಷ್ಟೆ.

ನಾಗರತ್ನನನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಮೊದಲ ಶನಿವಾರ ನಾನೇ ಸ್ಕೂಟರಿನಲ್ಲಿ ಬಿಟ್ಟು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತೆ. ಹೊಸಬರಿಗೆ ಹೇಳಿಕೊಡುವುದು ಈಗ ಶಾಹೀನಾ. ಅವತ್ತು ನಾಗರತ್ನ ಸೇರಿದ ವಾರವೇ ಸೇರಿದ್ದ ಹುಡುಗಿ, ಈಗ ಅವಳ ಕೈಕೆಳಗೆ ಎಂಟು ಹೆಂಗಸರು. ಹೊರಗಿನಿಂದ ಬಂದವರು ಅವಳು ಮಾಡಿದ್ದನ್ನೇ ಕೇಳಿ ಕೊಂಡುಹೋಗುತ್ತಾರಂತೆ. ಅವಳು ಓಡಿಬಂದು ‘ರತ್ನಕ್ಕ’ ಎಂದು ತಬ್ಬಿಕೊಂಡಳು, ಮರದ ತುಂಡು ಲೇತಿಗೆ ಕೂರಿಸಿಕೊಟ್ಟಳು. ನಾಗರತ್ನ ಮೊದಲ ತುಂಡನ್ನು ಒಡೆದಳು. ಎರಡನೆಯದು ಸೊಟ್ಟಗಾಯಿತು. ಮೂರನೆಯದರಲ್ಲಿ ಬಳೆಯಷ್ಟು ದಪ್ಪದ ಒಂದು ಉಂಗುರ ಬಂತು, ಅದರ ಮೇಲೆ ಹಳದಿ ಹಿಡಿಯಿತು, ಪಕ್ಕದ ಕೆಂಪು ಬೆರೆತು ಕಿತ್ತಳೆಯಾಯಿತು. ಅವಳು ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದಳು. ಹಳದಿ ಮುಗಿದು ಕೆಂಪು ಶುರುವಾಗುವ ಗೆರೆ ಅವಳಿಗೆ ಕಾಣುತ್ತಿರಲಿಲ್ಲ.

ಐದು ಶನಿವಾರ ಹೋದಳು. ಭುಜ ನೋವೆಂದು ರಾತ್ರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು, ಆದರೂ ಹೋದಳು. ಆರನೇ ಶನಿವಾರ ನಾನು ಸ್ಕೂಟರು ಹೊರಗೆ ತೆಗೆದು ನಿಂತಾಗ ಅವಳು ಬಾಗಿಲಿಗೆ ಬಂದು, ಇವತ್ತಿಂದ ಬೇಡ ಎಂದಳು. ನನಗೇನೂ ತೊಂದರೆಯಿಲ್ಲ, ಎದೆ ಕೇಳು ಬೇಕಾದರೆ ಎಂದು ಗಾಬರಿಯಿಂದ ಹೇಳಿದೆ.

“ನಿಮ್ದಲ್ಲ ಬುಡಿ” ಎಂದಳು. “ಅವತ್ತು ಕೈ ಇತ್ತು, ಕಣ್ಣಿತ್ತು. ಶಾಹೀನಾ ಬೇಜಾರು ಮಾಡ್ಕೊಳ್ದೆ ಹೇಳ್ಕೊಡ್ತಾಳೆ, ಪಾಪ. ಅವಳ ಮಾಲು ಕೆಡ್ಸೋಕೆ ನಂಗೆ ಇಷ್ಟ ಇಲ್ಲ.”

ಸ್ಕೂಟರನ್ನು ಒಳಗೆ ತಳ್ಳಿ ನಿಲ್ಲಿಸಿದೆ. ಅವಳು ಒಳಗೆ ಹೋಗಿ ಬೇಳೆ ತೊಳೆಯತೊಡಗಿದಳು. ಏನಾದರೂ ಹೇಳಬೇಕೆಂದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ತಪ್ಪಾಯಿತು ಎನ್ನಬಹುದಿತ್ತು. ಅದನ್ನು ಹಿಂದೆಯೇ ಎರಡು ಸಲ ಹೇಳಿದ್ದೆ, ಹೋಗ್ಲಿ ಬುಡಿ ಎಂದಿದ್ದಳು; ಮೂರನೇ ಸಲ ಹೇಳಿ ಅವಳ ಕೈಲಿ ಮತ್ತೆ ಸಮಾಧಾನ ಹೇಳಿಸಿಕೊಳ್ಳುವುದು ಬೇಡವೆನ್ನಿಸಿತು. ಸುಮ್ಮನೆ ಜರಡಿ ತೆಗೆದುಕೊಂಡು ಹೋಗಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಹಿಟ್ಟು ಜರಡಿ ಹಿಡಿದೆ. ಅರ್ಧ ಹಿಟ್ಟು ಪಂಚೆಯ ಮೇಲೆ ಬಿತ್ತು. ಅವಳು ಬಂದು ನೋಡಿ, ಮತ್ತೊಂದು ಸಲ ಹಿಡಿದಳು.

ಹೋದ ತಿಂಗಳು ಆಸ್ಪತ್ರೆಗೆ ತೋರಿಸಲು ಹೋದಾಗ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಈಗ ಅಲ್ಲಿ ಒಂದು ಫಾರಂ ಕೊಡುತ್ತಾರೆ, ಐದು ಪ್ರಶ್ನೆ, ಒಂದೊಂದಕ್ಕೂ ಐದು ಅಂಕ, ತೊಂದರೆ ಕಡಿಮೆಯಾದಷ್ಟೂ ಅಂಕ ಹೆಚ್ಚು. ಕಳೆದ ನಾಲ್ಕು ವಾರದಲ್ಲಿ ಉಬ್ಬಸದಿಂದ ಎಷ್ಟು ಸಲ ಕೆಲಸ ನಿಂತಿತು, ಎಷ್ಟು ಸಲ ನಿದ್ದೆ ಕೆಟ್ಟಿತು, ನೀಲಿ ಪಂಪು ಎಷ್ಟು ಸಲ ಬೇಕಾಯಿತು, ಇಂಥವು. ತುಂಬಿ ಕೊಟ್ಟೆ. ಸಿಸ್ಟರು ಕೂಡಿ ನೋಡಿ, ಇಪ್ಪತ್ತೈದಕ್ಕೆ ಇಪ್ಪತ್ತೈದು ಸರ್ ಎಂದು ಬಹಳ ಸಂತೋಷಪಟ್ಟರು. ನಾನು ಆ ಕಾಗದವನ್ನು ನಾಗರತ್ನನ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಐದೂ ಪ್ರಶ್ನೆಗಳನ್ನು ಒಂದೊಂದಾಗಿ, ತುಟಿ ಅಲ್ಲಾಡಿಸುತ್ತಾ ಓದಿದಳು. ಆಮೇಲೆ ಕೆಲಸ ನಿಂತದ್ದರ ಪ್ರಶ್ನೆಯ ಮೇಲೆ ಬೆರಳಿಟ್ಟು ಸಿಸ್ಟರನ್ನು, ಇದು ಕಾಯಿಲೆಯವರಿಗೆ ಮಾತ್ರಾನಾ ಎಂದು ಕೇಳಿದಳು. ಹೌದಮ್ಮ ಎಂದರು. ಸರಿ ಎಂದು ಮಡಿಸಿ ವಾಪಸ್ಸು ಕೊಟ್ಟಳು.

ಒಂದು ಸಲ ಕೆಮ್ಮಿದರೂ ಸ್ಟಾಫ್ ರೂಮಿಗೆಲ್ಲ ಸಾರುತ್ತಿದ್ದವನು ನಾನು. ಜೀವನದಲ್ಲಿ ಮೊದಲ ಸಲ ಪೂರ್ತಿ ಅಂಕ ತೆಗೆದ ಆ ಕಾಗದವನ್ನು ಇದುವರೆಗೆ ಯಾರಿಗೂ ತೋರಿಸಿಲ್ಲ.